ಅಜ್ಜನ ತುಪಾಕಿಯಲ್ಲಿ ಉಳಿದ ಬಾರು

ನಾನು ಚಿಕ್ಕವನಿದ್ದಾಗ ಕಂಡ ಒಂದು ಸಂಗತಿಯನ್ನು ನಿಮಗೆ ಹೇಳಬೇಕು. ಅದಕ್ಕೂ ಮೊದಲು ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯ ಹಿತ್ತಿಲಲ್ಲಿ ಬಾವಿಯ ಕಟ್ಟೆಗೂ ದನದ ಕೊಟ್ಟಿಗೆಯ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ದಾಟುವಷ್ಟು ಸಂದು ಇತ್ತು. ನಾನು ಆ ಸಂದಿನಲ್ಲಿ ನಿಂತಿದ್ದೆ. ಎಡಗೈ ಬಾವಿಯ ಕಲ್ಲಿನ ಮೇಲಿತ್ತು, ಕಲ್ಲು ಬಿಸಿಯಾಗಿತ್ತು. ಹೊತ್ತು ನೆತ್ತಿಯಿಂದ ಸ್ವಲ್ಪ ಪಡುವಣಕ್ಕೆ ಹೊರಳಿತ್ತು. ದಸರೆಗೆ ಇನ್ನೂ ಒಂದು ವಾರವಿತ್ತು. ದೂರದ ದೇಶಗಳಲ್ಲಿ ಯುದ್ಧ ಶುರುವಾಗಿದೆಯಂತೆ ಎಂದು ಆದವಾನಿಯ ಹತ್ತಿ ಪೇಟೆಯಲ್ಲಿ ಜನ ಮೊದಲ ಸಲ ಮಾತನಾಡಿಕೊಂಡ ವರ್ಷ ಅದು. ನನಗೆ ಎಂಟೋ ಒಂಬತ್ತೋ ವಯಸ್ಸು. ನನಗೂ ತುಪಾಕಿಗೂ ನಡುವೆ ಮರ, ಕಂಬ, ಮನುಷ್ಯ ಯಾವುದೂ ಅಡ್ಡ ಇರಲಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲೆ. ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ.

ನಮ್ಮೂರು ಆದವಾನಿಯಿಂದ ಕೌತಾಳಂಗೆ ಹೋಗುವ ದಾರಿಯಲ್ಲಿತ್ತು. ಮುಂದೆ ಕಣ್ಣು ಹಾಯುವಷ್ಟು ದೂರ ಎರೆ ಹೊಲ, ಹಿಂದೆ ಯಾರೋ ದುಂಡು ಬಂಡೆಗಳನ್ನು ತಂದು ಸುರಿದಂಥ ಗುಡ್ಡ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದ. ನಡುಮನೆಯ ಗೋಡೆಯಲ್ಲಿ ಎರಡು ಮರದ ಗೂಟಗಳಿದ್ದವು. ಅವುಗಳ ಮೇಲೆ ಹಳೆಯ ಧೋತರದಲ್ಲಿ ಸುತ್ತಿದ ಉದ್ದನೆಯ ಗಂಟೊಂದು ಮಲಗಿತ್ತು. ಅದನ್ನು ಮುಟ್ಟಬಾರದು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಯಾರೂ ಮುಟ್ಟುತ್ತಿರಲಿಲ್ಲ. ಅದರ ಕೆಳಗೆ ಮಲಗಿದ ರಾತ್ರಿ ನಾನು ಅದರ ಕಡೆಗೆ ಬೆನ್ನು ಮಾಡುತ್ತಿದ್ದೆ.

ಆ ಗಂಟಿನಲ್ಲಿದ್ದದ್ದು ಅಜ್ಜನ ತುಪಾಕಿ. ಅಜ್ಜ ಪ್ರಾಯದಲ್ಲಿ ಬಳ್ಳಾರಿಯ ದಂಡಿನಲ್ಲಿ ಕುದುರೆ ಸವಾರನಾಗಿದ್ದನಂತೆ. ಕುದುರೆಯ ಮೇಲಿಂದ ಹಾರಿಸಲು ಅನುಕೂಲವಾಗಲಿ ಎಂದು ಆ ತುಪಾಕಿಯನ್ನು ಗಿಡ್ಡವಾಗಿ ಮಾಡಿದ್ದರು. ಮದ್ದು ಜಡಿಯುವ ಗಜದ ಕಡ್ಡಿ ಓಟದಲ್ಲಿ ಕೈಜಾರಿ ಬೀಳಬಾರದೆಂದು ಅದನ್ನು ನಳಿಗೆಯ ತುದಿಗೆ ತಿರುಗಣಿಯಿಂದ ಜೋಡಿಸಿದ್ದರು. ಪಕ್ಕದಲ್ಲಿ ಸವಾರನ ಪಟ್ಟಿಗೆ ಸಿಕ್ಕಿಸಲು ಒಂದು ಕಬ್ಬಿಣದ ಬಳೆ. ದಂಡಿಗೆ ಹೊಸ ತುಪಾಕಿಗಳು ಬಂದಾಗ ಅಜ್ಜ ಈ ಹಳೆಯದನ್ನು ಕೊಂಡು ಊರಿಗೆ ತಂದನಂತೆ. ಇದು ನಾನು ಕೇಳಿದ್ದು.

ಆ ತುಪಾಕಿಗೆ ಊರಿನಲ್ಲಿ ಒಂದು ಕೆಲಸವಿತ್ತು. ವಿಜಯದಶಮಿಯ ಸಂಜೆ ಈರಣ್ಣ ದೇವರ ಪಲ್ಲಕ್ಕಿ ಊರ ಹೊರಗಿನ ಬನ್ನಿ ಮರಕ್ಕೆ ಹೋಗುತ್ತಿತ್ತು. ಅಲ್ಲಿ ಅಜ್ಜ ಆಕಾಶಕ್ಕೆ ಒಂದು ಬಾರು ಹಾರಿಸಬೇಕು. ಗುಂಡು ಇಲ್ಲ, ಬರೀ ಮದ್ದು, ಅದರ ಮೇಲೆ ಚಿಂದಿ. ಆ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬರುವವರೆಗೆ ಯಾರೂ ಬನ್ನಿಯ ಎಲೆ ಮುರಿಯುತ್ತಿರಲಿಲ್ಲ. ಅದು ನಮ್ಮ ಮನೆಗೆ ಊರು ಕೊಟ್ಟ ಮರ್ಯಾದೆ. ಮನೆಯಲ್ಲಿ ಇದಕ್ಕೊಂದು ಕಟ್ಟಳೆಯೂ ಇತ್ತು. ಹಿಂದಿನ ದಿನ ಆಯುಧ ಪೂಜೆಗೆ ಮೊದಲೇ ಅಜ್ಜ ತುಪಾಕಿಯನ್ನು ಒರೆಸಿ, ಮದ್ದು ಜಡಿದು ಇಡುತ್ತಿದ್ದ. ಆಮೇಲೆ ಅಜ್ಜಿ ಪೂಜೆ ಮಾಡುತ್ತಿದ್ದಳು. ಪೂಜೆಯಾದ ಮೇಲೆ ಅದು ಈರಣ್ಣನ ಸ್ವತ್ತು. ಬನ್ನಿ ಮರ ಮುಟ್ಟುವವರೆಗೆ ಅದನ್ನು ಬಿಚ್ಚುವಂತಿಲ್ಲ, ಒರೆಸುವಂತಿಲ್ಲ.

ಅಕ್ಕ ಹುಟ್ಟಿದ ವರ್ಷ ಅಜ್ಜ ಬನ್ನಿಯ ಹತ್ತಿರ ನಿಂತು ಹಾರಿಸಲು ಹೋದಾಗ ಟಕ್ ಎಂದು ಒಂದು ಸದ್ದು ಮಾತ್ರ ಬಂತಂತೆ. ಕಿಡಿ ಕೊಡುವ ಕೇಪನ್ನು ಬದಲಿಸಿ ಹೊಸದು ಇಟ್ಟ. ಮತ್ತೆ ಟಕ್. ಊರೆಲ್ಲ ಆಕಾಶ ನೋಡುತ್ತ ನಿಂತಿತ್ತು. ಗುಡ್ಡ ಏನೂ ಹೇಳಲಿಲ್ಲ. ಕೊನೆಗೆ ಗುಂಪಿನಲ್ಲಿ ಯಾರೋ, "ಈರಣ್ಣ ಒಲ್ಲೆ ಅಂದ" ಎಂದರಂತೆ. ಅಜ್ಜ ತುಪಾಕಿಯನ್ನು ಮನೆಗೆ ತಂದು, ಧೋತರದಲ್ಲಿ ಸುತ್ತಿ ಗೂಟಕ್ಕೆ ಹಾಕಿದ. ತಾನೂ ಇಳಿಸಲಿಲ್ಲ, ಬೇರೆಯವರಿಗೂ ಇಳಿಸಲು ಬಿಡಲಿಲ್ಲ. ಅಲ್ಲಿಂದ ಅದಕ್ಕೆ ಪೂಜೆಯೂ ನಿಂತಿತು. ದಸರೆ ಬಂದರೆ ನಡುಮನೆಯ ಬಾಗಿಲು ಹಾಕಿಕೊಂಡು ಒಳಗೆ ಕುಳಿತುಬಿಡುತ್ತಿದ್ದನಂತೆ. ಕೆಲವು ವರ್ಷಗಳ ಮೇಲೆ ತೀರಿಕೊಂಡ. ಆಗ ನಾನು ತೊಟ್ಟಿಲಲ್ಲಿದ್ದೆ. ಕೊನೆಯ ದಿನ ಅವನು ಅಪ್ಪನ ಕೈ ಹಿಡಿದು, "ನಾ ಏನ್ ತಪ್ಪು ಮಾಡಿದ್ನೆಪಾ?" ಎಂದು ಕೇಳಿದನಂತೆ. ಅಪ್ಪನ ಬಳಿ ಉತ್ತರವಿರಲಿಲ್ಲ.

ಊರಿನ ಬಳಿ ಇತ್ತು. ಅಕ್ಕ ಬಾವಿಗೆ ಹೋದರೆ, ಶೇಂಗಾ ಬಿಡಿಸಲು ಹೋದರೆ, ಹಿಂದಿನಿಂದ ಒಂದು ಮಾತು ಬರುತ್ತಿತ್ತು: "ಈಕಿ ಹುಟ್ಟಿದ ವರ್ಷ ಅಲ್ಲೇನ್ರಿ ತುಪಾಕಿ ಮೂಕ ಆಗಿದ್ದು?" ಅದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಅಕ್ಕ ಕೇಳದವಳಂತೆ ಕೊಡ ಎತ್ತಿಕೊಂಡು ಬರುತ್ತಿದ್ದಳು. ಒಮ್ಮೆ ನಾನು ಜಗಳಕ್ಕೆ ನಿಂತಾಗ, "ಲೇ ಸುಮ್ನಿರು. ಬೊಗಳೋ ನಾಯಿಗೆಲ್ಲ ಕಲ್ಲು ಹೊಡ್ಕೊಂತ ನಿಂತ್ರ ನೀರು ತರೋರ್ಯಾರು?" ಎಂದು ನನ್ನ ಕಿವಿ ಹಿಂಡಿ ಕರೆದುಕೊಂಡು ಬಂದಿದ್ದಳು.

ಆ ವರ್ಷ ಎಮ್ಮಿಗನೂರಿನವರು ಅಕ್ಕನನ್ನು ನೋಡಿಕೊಂಡು ಹೋದರು. ಆಗಿನ ಕಾಲದಲ್ಲಿ ಹದಿನಾಲ್ಕಕ್ಕೆಲ್ಲ ಮದುವೆಯ ಮಾತು ಬರುತ್ತಿತ್ತು. ಕೆಲವು ದಿನಗಳ ಮೇಲೆ ಅವರ ಮಾತು ಬಂತು: "ಹುಡುಗಿ ಚಂದ ಅದಾಳ. ಆದ್ರ ಆ ತುಪಾಕಿ ಸುದ್ದಿ ನಮ್ಮ ಕಿವಿಗೆ ಬಿದ್ದೈತಿ. ದಸರಾ ಆಗ್ಲಿ, ನೋಡಾಣ." ಅದೇ ವಾರ ಊರ ಗೌಡರು ನಮ್ಮ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ ಅಪ್ಪನಿಗೆ ಹೇಳಿದರು:

"ಸಾವ್ಕಾರ, ಈರಣ್ಣ ಏನ್ ಕಿವುಡ ಅಲ್ಲ, ನಿಮ್ಮ ತುಪಾಕಿನೇ ಮೂಕ. ಈ ದಸರಾಕ್ಕೂ ಬಾಯಿ ಬಿಡ್ಲಿಲ್ಲ ಅಂದ್ರ ಆ ಮರ್ಯಾದಿ ಮ್ಯಾಗಳ ಓಣಿಯವ್ರಿಗೆ ಹೋಗತೈತಿ. ಢಂ ಅನ್ನೋ ಮದ್ದಿನ ಔಟು ಸುಡ್ತೀವಿ ಅಂತ ಅವ್ರು ಕುಣೀಲಿಕ್ಹತ್ಯಾರ."

"ಬಿಡಸ್ತೀನಿ ಗೌಡ್ರ," ಎಂದ ಅಪ್ಪ. "ಅದರ ಬಾಯಿ ನಾ ಬಿಡಸ್ತೀನಿ."

ಅಪ್ಪನಿಗೆ ಮರ್ಯಾದೆಯ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಆ ಮಾತು ಹೇಳುವಾಗ ಅವನು ನೋಡಿದ್ದು ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕನನ್ನು. ತುಪಾಕಿ ಒಂದು ಸಲ ಕೂಗಿದರೆ ಅವಳ ಮೇಲಿನ ಮಾತು ನಿಲ್ಲುತ್ತದೆ ಎಂದು ಅವನು ನಂಬಿದ್ದ.

ಆದವಾನಿ ಕೋಟೆಯ ಕೆಳಗಿನ ಓಣಿಯಲ್ಲಿ ಬೀಗ, ತಕ್ಕಡಿ, ತುಪಾಕಿ ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಅಪ್ಪ ಗಾಡಿ ಕಳಿಸಿ ಅವರನ್ನು ಕರೆಸಿದ. ಗೋರಂಟಿ ಹಚ್ಚಿದ ಕೆಂಪು ಗಡ್ಡ, ಕಂಕುಳಲ್ಲಿ ಮರದ ಪೆಟ್ಟಿಗೆ. ಹಿತ್ತಿಲ ಬೇವಿನ ನೆರಳಿನಲ್ಲಿ ಗೋಣಿತಟ್ಟು ಹಾಸಿಕೊಂಡು ಕುಳಿತು ಅವರು ಧೋತರ ಬಿಚ್ಚಿದರು. ಜೇಡರ ಬಲೆಯ ಉಂಡೆಯೊಂದು ಉರುಳಿಬಿತ್ತು. ಹಿತ್ತಾಳೆ ಹಸಿರಾಗಿತ್ತು. ಮರದ ಹಿಡಿಕೆಯನ್ನು ಅಲ್ಲಲ್ಲಿ ಹುಳ ತಿಂದಿತ್ತು. ಉಳಿದ ಕಡೆ ಎಷ್ಟೋ ವರ್ಷಗಳ ಅರಿಶಿನ ಕುಂಕುಮ ಪದರು ಪದರಾಗಿ ಗಟ್ಟಿಕಟ್ಟಿತ್ತು.

ಉಸ್ತಾದ ಅದನ್ನು ಉಗುರಿನಿಂದ ಕೆರೆದು ನಕ್ಕರು. "ಯಾ ಅಲ್ಲಾ! ಸಾವ್ಕಾರ್, ಇದು ತುಪಾಕಿನೋ ಮದಲಗಿತ್ತಿನೋ? ನಮ್ಮ ಬೀಬಿಗೂ ಲಗ್ನದಾಗ ಇಷ್ಟು ಹಳದಿ ಹಚ್ಚಿರ್ಲಿಲ್ಲ!"

ಅವ್ವ ಒಳಗಿನಿಂದ ನಕ್ಕದ್ದು ಕೇಳಿಸಿತು. ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕುಳಿತು ಸಜ್ಜೆ ಹಸನು ಮಾಡುತ್ತಿದ್ದ ಅಜ್ಜಿಯೂ ನಕ್ಕಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣ ತಿಳಿಯುತ್ತಿತ್ತು, ಆಕಾರ ತಿಳಿಯುತ್ತಿರಲಿಲ್ಲ. "ಹಚ್ಚಿದಾಕಿ ನಾನಪಾ. ವರ್ಷೆಲ್ಲಾ ಗ್ವಾಡಿಗೆ ಕುಂತು ಒಂದಿನ ಕೂಗೋದು ಅದು. ಅದಕ್ಕೂ ಒಂದೀಟು ಸಿಂಗಾರ ಬ್ಯಾಡೇನು?" ಎಂದಳು.

ಬೆಳಗೆಲ್ಲ ಕೆಲಸ ನಡೆಯಿತು. ಅಕ್ಕ ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆಯನ್ನು ತಿಕ್ಕಿದಳು. ಅದು ಹೊಸ ತಂಬಿಗೆಯಂತೆ ಹೊಳೆಯಿತು. ತುಪಾಕಿಯ ಮೇಲೆ ಸುತ್ತಿಗೆಯಂತೆ ಬಾಗಿದ ಒಂದು ತುಂಡು ಇರುತ್ತದೆ. ಅದನ್ನು ಕುದುರೆ ಎನ್ನುತ್ತಾರೆ. ಬೆರಳಿನಿಂದ ಕೊಕ್ಕೆ ಎಳೆದರೆ ಕುದುರೆ ಬಂದು ತಾಮ್ರದ ಚಿಕ್ಕ ಟೊಪ್ಪಿಗೆಯಂಥ ಕೇಪಿನ ಮೇಲೆ ಬೀಳುತ್ತದೆ. ಕೇಪು ಕಿಡಿ ಕೊಡುತ್ತದೆ. ಕಿಡಿ ಒಂದು ಸಣ್ಣ ಕಿಂಡಿಯೊಳಗೆ ಇಳಿದು ಮದ್ದನ್ನು ಮುಟ್ಟುತ್ತದೆ. ನಮ್ಮ ತುಪಾಕಿಯ ಕುದುರೆ ತುಕ್ಕಿನಿಂದ, ನಮ್ಮ ಕಡೆಯ ಮಾತಿನಲ್ಲಿ ಜಂಗಿನಿಂದ, ಕಚ್ಚಿಕೊಂಡಿತ್ತು. ಉಸ್ತಾದ ಅದಕ್ಕೆ ಸೀಮೆಎಣ್ಣೆ ಹನಿಸಿ, ಮೆತ್ತಗೆ ಬಡಿದು, ಮತ್ತೆ ಹನಿಸಿ, ಕೊನೆಗೆ ಸಡಿಲಿಸಿದರು. ಹುಳ ತಿಂದು ಸೀಳಿದ ಹಿಡಿಕೆಗೆ ಹಸಿ ತೊಗಲಿನ ಪಟ್ಟಿ ಸುತ್ತಿ ಬಿಸಿಲಿಗೆ ಇಟ್ಟರು. ಒಣಗುತ್ತ ತೊಗಲು ಬಿಗಿದುಕೊಂಡು ಸೀಳು ಮುಚ್ಚಿತು. ಸೀಮೆಎಣ್ಣೆ, ಹುಣಸೆ, ಹಸಿ ತೊಗಲು ಮೂರರ ವಾಸನೆಯೂ ಹಿತ್ತಿಲಲ್ಲಿ ಬೆರೆತಿತ್ತು. ಅಕ್ಕ ಆ ದಿನ ಹಾಡು ಗುನುಗುತ್ತಿದ್ದಳು. ಅದೂ ನನಗೆ ನೆನಪಿದೆ.

ಊಟದ ಹೊತ್ತಿಗೆ ನಳಿಗೆ ತೊಳೆಯುವುದೊಂದು ಉಳಿದಿತ್ತು. ಉಸ್ತಾದ ಗಜದ ಕಡ್ಡಿಯನ್ನು ನಳಿಗೆಯೊಳಗೆ ಇಳಿಬಿಟ್ಟರು. ತಳ ಮುಟ್ಟುವ ಮೊದಲೇ ಅದು ನಿಂತಿತು. ನಿಂತ ಕಡೆ ಹೆಬ್ಬೆರಳಿಟ್ಟು ಗುರುತು ಮಾಡಿಕೊಂಡು, ಕಡ್ಡಿಯನ್ನು ಹೊರಗೆ ತೆಗೆದು ನಳಿಗೆಯ ಹೊರಮೈಗೆ ಇಟ್ಟು ಅಳೆದರು. ಮತ್ತೊಮ್ಮೆ ಇಳಿಸಿ ಮತ್ತೆ ಅಳೆದರು. ಅಲ್ಲಿಯವರೆಗೆ ತುಪಾಕಿಯ ಬಾಯಿ ಅಜ್ಜಿ ಕುಳಿತ ಬಾಗಿಲ ಕಡೆಗಿತ್ತು. ಉಸ್ತಾದ ಅವಸರ ಮಾಡದೆ, ಹಾಲು ತುಂಬಿದ ಪಾತ್ರೆಯನ್ನು ತಿರುಗಿಸುವಂತೆ, ಅದನ್ನು ಗುಡ್ಡದ ಕಡೆಗೆ ತಿರುಗಿಸಿದರು.

"ಎಲ್ಲಾರೂ ಜರಾ ಹಿಂದ ಸರೀರಿ. ಇದರ ಹೊಟ್ಯಾಗ ಬಾರು ಐತಿ."

ಅಪ್ಪ ನಿಂತಲ್ಲೇ ನಿಂತ. ಅಜ್ಜ ಅಂದು ಜಡಿದ ಮದ್ದನ್ನು ತೆಗೆಯದೆಯೇ ಗೂಟಕ್ಕೆ ಹಾಕಿದ್ದ. ಅಕ್ಕನ ವಯಸ್ಸಿನಷ್ಟು ವರ್ಷ ಅದು ನಮ್ಮ ಹಾಸಿಗೆಗಳ ಮೇಲೆ ಹಾಗೆಯೇ ಮಲಗಿತ್ತು. "ನಾ ಇದರ ಮ್ಯಾಲ ಹೊಸ ಮದ್ದು ಹಾಕಿ ಹಾರ್ಸಿದ್ರ?" ಎಂದು ಅಪ್ಪ ಕೇಳಿದ. "ನಳಿಗಿ ಸಿಡೀತಿತ್ತು ಸಾವ್ಕಾರ್," ಎಂದು ಉಸ್ತಾದ ತಲೆಯನ್ನು ಅಡ್ಡಕ್ಕೆ ಆಡಿಸಿದರು.

"ಮದ್ದು ಒಳಗೈತಿ ಅಂದಮ್ಯಾಲ ಆ ದಿನ ಕಿಡಿ ಯಾಕ ಮುಟ್ಲಿಲ್ಲ? ಅದನ್ನ ನೋಡಾಣ," ಎಂದು ಅವರು ಪೆಟ್ಟಿಗೆಯಿಂದ ದಬ್ಬಣ ತೆಗೆದು, ಕೇಪು ಕೂರುವ ಜಾಗದ ಕಿಂಡಿಗೆ ತೂರಿಸಿದರು. ಹೋಗಲಿಲ್ಲ. ತಿರುವಿದರು. ಏನೋ ಗಟ್ಟಿಯಾದದ್ದು ಒಡೆದು, ದಬ್ಬಣದ ತುದಿಗೆ ಕೆಂಪು ಕಾಳೊಂದು ಅಂಟಿಕೊಂಡು ಬಂತು. ಅಂಗೈಯಲ್ಲಿ ಇಟ್ಟು ಬೆರಳಿನಿಂದ ಉಜ್ಜಿದರು. ಬೆರಳಿನ ಬಿಸಿಗೆ ಅದು ಮೆತ್ತಗಾಗಿ ಜಿಡ್ಡು ಬಿಟ್ಟಿತು.

ಉಸ್ತಾದ ಇನ್ನೂ ನಗುವ ಮುಖದಲ್ಲೇ ಇದ್ದರು. "ಸಾವ್ಕಾರ್, ಮದಲಗಿತ್ತಿ ಬಾಯಿಗೂ ಕುಂಕು..." ಎಂದವರು ಅಪ್ಪನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದರು.

ಅಪ್ಪನ ಮುಖವನ್ನು ನಾನೂ ನೋಡಿದೆ. ಆಗ ನನಗೆ ಪೂರ್ತಿ ತಿಳಿಯಲಿಲ್ಲ. ಬೆಳೆದ ಮೇಲೆ ತಿಳಿಯಿತು. ಆ ದಸರೆಯಿಂದ ಈಚೆಗೆ ತುಪಾಕಿಗೆ ಪೂಜೆಯೇ ಆಗಿರಲಿಲ್ಲ. ಹಾಗಾದರೆ ಕಿಂಡಿಯಲ್ಲಿದ್ದದ್ದು ಆ ವರ್ಷದ ಕುಂಕುಮ. ಅದನ್ನು ಹಚ್ಚಿದ್ದು ಅಜ್ಜಿಯ ಕೈ. ಸಾಯುವ ಅಜ್ಜ ಕೇಳಿದ ಪ್ರಶ್ನೆಗೆ ಉತ್ತರ ಉಸ್ತಾದರ ಅಂಗೈಯಲ್ಲಿತ್ತು. ಅದನ್ನು ಹೊರಗೆ ಹೇಳಿದರೆ ಅಕ್ಕನ ಮೇಲಿನ ಮಾತು ಅಂದೇ ಅಳಿಯುತ್ತಿತ್ತು. ಅಜ್ಜಿ ಮಾತ್ರ ಉಳಿದ ಆಯುಷ್ಯವನ್ನೆಲ್ಲ ಅದರ ಜೊತೆ ಕಳೆಯಬೇಕಾಗುತ್ತಿತ್ತು.

"ಏನದು ಕೆಂಪಗ ಕಾಣತೈತಿ?" ಎಂದು ಅಜ್ಜಿ ಹೊಸ್ತಿಲಿನಿಂದ ಕೇಳಿದಳು.

ಸೀಮೆಎಣ್ಣೆಯ ಬಟ್ಟಲು ಹಿಡಿದು ಉಸ್ತಾದರ ಪಕ್ಕದಲ್ಲೇ ಕುಳಿತಿದ್ದ ಅಕ್ಕ ಎಲ್ಲವನ್ನೂ ಕಂಡಿದ್ದಳು. ಅವಳೇ ಹೇಳಿದಳು:

"ಜಂಗು, ಅಜ್ಜಿ. ಬರೇ ಜಂಗು."

ಹೇಳಿ ಬಟ್ಟಲನ್ನು ನೆಲಕ್ಕಿಟ್ಟಳು.

"ಇಲ್ಲಿ ತಾ, ನೋಡಾಣ."

"ಜಂಗು ಏನ್ ನೋಡ್ತಿ ಯವ್ವಾ, ಬಿಡು," ಎಂದ ಅಪ್ಪ.

"ತಾ ಅಂದ್ನೆಲ್ಲ."

ಉಸ್ತಾದ ಎದ್ದು ಹೋಗಿ ಆ ಕೆಂಪು ಚೂರನ್ನು ಅಜ್ಜಿಯ ಅಂಗೈಗೆ ಹಾಕಿದರು. ಅಜ್ಜಿ ಅದನ್ನು ಹೆಬ್ಬೆರಳಿಗೂ ಉಂಗುರ ಬೆರಳಿಗೂ ನಡುವೆ ಹಿಡಿದು ತಿಕ್ಕಿದಳು. ಹಣೆಗೆ ಕುಂಕುಮ ಇಡುವ ಬೆರಳು ಅದು. ಅಜ್ಜ ಹೋದ ಮೇಲೆ ಆ ಬೆರಳಿಗೆ ಕುಂಕುಮ ತಾಗಿರಲಿಲ್ಲ. ಮೂಗಿನ ಹತ್ತಿರ ತಂದು ಮೂಸಿದಳು. ಸಜ್ಜೆಯ ಮೊರ ಅವಳ ತೊಡೆಯಿಂದ ಜಾರಿ ಕಾಳು ಚೆಲ್ಲಿತು. ಒಂದು ಗುಬ್ಬಿ ಬಂದು ಹೆಕ್ಕತೊಡಗಿತು. ಯಾರೂ ಓಡಿಸಲಿಲ್ಲ.

"ಜಂಗಿಗೆ ತುಪ್ಪದ ವಾಸನಿ ಇರಂಗಿಲ್ಲ, ತಂಗೀ," ಎಂದಳು ಅಜ್ಜಿ ಅಕ್ಕನಿಗೆ. ಸ್ವಲ್ಪ ತಡೆದು ಹೇಳಿದಳು, "ಪ್ರತಿ ವರ್ಷ ಹಿಡಿಕಿ ಕಟ್ಟಿಗಿಗೆ ಹಚ್ಚತಿದ್ದೆ. ಆ ವರ್ಷ ನೀ ಹುಟ್ಟಿದ್ದಿ. ಮಮ್ಮಗಳು ಬಂದ್ಳು ಅಂತ ಹಿಗ್ಗು. ಕುಂಕುಮಕ್ಕ ತುಪ್ಪ ಕಲಸಿ, ಬೆಂಕಿ ಎಲ್ಲಿ ಹುಟ್ಟತೈತೋ ಅಲ್ಲೇ ಒಂದು ದೊಡ್ಡ ಬೊಟ್ಟು ಇಟ್ಟೆ."

ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು.

ಉಸ್ತಾದ ತುಪಾಕಿಯ ಬಳಿಗೆ ಹಿಂದಿರುಗಿ, ನಳಿಗೆಗೆ ನೀರು ಹಾಕಿ ಮದ್ದು ನೆನೆಸುತ್ತೇನೆ, ಆಮೇಲೆ ತಿರುಪಿನಿಂದ ಚಿಂದಿ ಎಳೆದು ಎಲ್ಲ ತೆಗೆದುಬಿಡುತ್ತೇನೆ ಎಂದರು. ಅವ್ವ ತಂಬಿಗೆಯಲ್ಲಿ ನೀರು ತಂದಳು. ಅಜ್ಜಿ ಕೈ ಅಡ್ಡ ಹಿಡಿದಳು.

"ನೀರು ಹಾಕಬ್ಯಾಡ್ರಿ. ಅದು ನಮ್ಮ ಯಜಮಾನ್ರ ಬಾರು. ಈರಣ್ಣಗ ಅಂತ ಜಡ್ದದ್ದು. ಇಷ್ಟ್ ವರ್ಷ ನಾ ಹಿಡಕೊಂಡು ಕುಂತೀನಿ. ನಾನ ಬಿಡ್ತೀನಿ."

"ಅವ್ವಾರ, ನಳಿಗಿ ಒಳಗ ಎಷ್ಟು ತಿಂದೈತೋ ನನಗ ಗೊತ್ತಿಲ್ಲ. ಒಡೆದ್ರ ಹಿಡಿದಾಂವನ ಮುಖ ಉಳಿಯಂಗಿಲ್ಲ."

"ಹಿಡಿಯೋದು ಬ್ಯಾಡಪಾ. ಏನರ ಹಾದಿ ಮಾಡು."

ಉಸ್ತಾದ ಅಪ್ಪನನ್ನು ನೋಡಿದರು. ಅಪ್ಪ ನೆಲ ನೋಡುತ್ತ ತಲೆಯಾಡಿಸಿದ. ಆಮೇಲೆ ಅವರು ಮಾಡಿದ್ದು ಇಷ್ಟು. ಹಿತ್ತಿಲಲ್ಲಿ ನಿಂತಿದ್ದ ಗಾಡಿಯ ಗಾಲಿಗಳಿಗೆ ಕಲ್ಲು ಕೊಟ್ಟು, ತುಪಾಕಿಯನ್ನು ಅಚ್ಚಿನ ಮೇಲೆ ಇಟ್ಟು ಹಗ್ಗದಿಂದ ಬಿಗಿದು, ಎರಡೂ ಕಡೆ ಮಣ್ಣಿನ ಚೀಲ ಒಡ್ಡಿದರು. ಬಾಯಿ ಗುಡ್ಡದ ಕಡೆಗೆ, ಆಕಾಶಕ್ಕೆ. ಕಿಂಡಿಯನ್ನು ಪೂರ್ತಿ ಚೊಕ್ಕ ಮಾಡಿ, ಚಿಟಿಕೆ ಹೊಸ ಮದ್ದು ಉದುರಿಸಿ, ಕೇಪು ಕೂರಿಸಿದರು. ಹತ್ತಿಯ ಬೇಲು ಕಟ್ಟುವ ಉದ್ದನೆಯ ಹುರಿಯನ್ನು ಕೊಕ್ಕೆಗೆ ಕಟ್ಟಿ ಕೊಟ್ಟಿಗೆಯ ಗೋಡೆಯವರೆಗೆ ತಂದರು. ದನಗಳನ್ನು ಹೊರಗೆ ಹೊಡೆದರು. ನನ್ನನ್ನು ಸಂದಿನಲ್ಲಿ ನಿಲ್ಲಿಸಿ, ಅಲುಗಬೇಡ ಎಂದರು. ಅವ್ವ ನನ್ನ ಹಿಂದೆ. ಅಜ್ಜಿ ಗೋಡೆಯ ಅಂಚಿನಲ್ಲಿ ಹುರಿ ಹಿಡಿದು ನಿಂತಳು. ಅಕ್ಕನಿಗೆ ಒಳಗೆ ಹೋಗಲು ಹೇಳಿದರು. ಅವಳು ಹೋಗಲಿಲ್ಲ. ಅಜ್ಜಿಯ ಸೊಂಟವನ್ನು ಎರಡೂ ಕೈಯಿಂದ ಬಳಸಿಕೊಂಡು, ಬಲಗೆನ್ನೆಯನ್ನು ಅವಳ ಬೆನ್ನಿಗೆ ಒತ್ತಿ ನಿಂತಳು.

ಅಜ್ಜಿ ಎಳೆದಳು. ಕುದುರೆ ಬಿತ್ತು. ಟಕ್.

ಅಷ್ಟೇ.

ಬೇವಿನ ಎಲೆಯೂ ಅಲುಗದ ಮಧ್ಯಾಹ್ನ. ಬನ್ನಿಯ ಹತ್ತಿರ ಅಂದು ಎಂಥ ಮೌನ ಇದ್ದಿರಬಹುದು ಎಂದು ನನಗೆ ಆಗ ಗೊತ್ತಾಯಿತು. ಅಕ್ಕ ಕಣ್ಣು ಮುಚ್ಚಿದಳು. ಅಪ್ಪನ ಬಾಯಿಂದ ಉಸಿರೊಂದು ಹೊರಬಿತ್ತು. ಅವನು ಗಾಡಿಯ ಕಡೆಗೆ ಹೆಜ್ಜೆ ಇಟ್ಟ.

"ರುಕೋ!" ಉಸ್ತಾದ ಅವನ ಧೋತರವನ್ನು ಹಿಂದಿನಿಂದ ಹಿಡಿದೆಳೆದರು. ಅಪ್ಪ ಮುಗ್ಗರಿಸಿ ಕುಳಿತ.

ಅಜ್ಜಿ ಹುರಿ ಬಿಟ್ಟಿರಲಿಲ್ಲ. "ತಡೀರಿ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಪಕ್ಕದ ಕೋಣೆಯಿಂದ ಯಾರೋ ಬರುವುದನ್ನು ಹೇಳುವಂತೆ ಹೇಳಿದಳು. "ಬರತೈತಿ."

ಆಗ ಬಂತು. ಮೊದಲು ಕಿಂಡಿಯಿಂದ ಒಂದು ಎಳೆ ಹೊಗೆ, ಹಿಂದೆಯೇ ಸದ್ದು. ಎದೆಯ ಮೇಲೆ ಯಾರೋ ಗುದ್ದಿದಂತಾಯಿತು. ಬಾವಿಯ ಕಲ್ಲು ನನ್ನ ಕೈ ಕೆಳಗೆ ನಡುಗಿತು. ಮಾಳಿಗೆಯ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಬಿಳಿ ಹೊಗೆ ಗಾಡಿಯನ್ನು ಮುಚ್ಚಿ, ನೆಲದ ಮೇಲೆ ತೆವಳುತ್ತ ಅಜ್ಜಿಯ ಕಾಲವರೆಗೆ ಬಂತು. ಆಮೇಲೆ ಗುಡ್ಡ ಅದೇ ಸದ್ದನ್ನು ನಮಗೆ ತಿರುಗಿ ಕೊಟ್ಟಿತು. ಅಜ್ಜಿ ಅದು ಪೂರ್ತಿ ಅಡಗುವವರೆಗೆ ಕತ್ತು ಓರೆ ಮಾಡಿ ಕೇಳಿದಳು. ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ಹಿರಿಯರು ಒಳಗೆ ಬಂದಾಗ ಹೆಂಗಸರು ಹಾಗೆ ಮಾಡುತ್ತಿದ್ದರು.

ಹೊಗೆ ಸರಿದ ಮೇಲೆ ಉಸ್ತಾದ ಹೋಗಿ ನಳಿಗೆಯ ಬುಡದಲ್ಲಿ ಬೆರಳಾಡಿಸಿದರು. ಕೂದಲೆಳೆಯಂಥ ಬಿರುಕೊಂದು ಅಲ್ಲಿಂದ ನಡುವಿನವರೆಗೆ ಓಡಿತ್ತು. ಅಪ್ಪ ಬಂದು ನೋಡಿದ. ಹೆಗಲಿಗೆ ಹಚ್ಚಿದ್ದರೆ ಅವನ ಕೆನ್ನೆ ಇರುತ್ತಿದ್ದ ಜಾಗ ಅದು.

"ಇನ್ನ ಇದು ಕೂಗಂಗಿಲ್ಲ ಸಾವ್ಕಾರ್," ಎಂದರು ಉಸ್ತಾದ.

ಅಪ್ಪ ಕೂಲಿ ಕೊಡಲು ಹೋದ. ಅವರು ಕೈ ಮುಗಿದು, ಪೆಟ್ಟಿಗೆ ಎತ್ತಿಕೊಂಡು ಗಾಡಿಗೂ ಕಾಯದೆ ನಡೆದೇ ಹೊರಟರು.

ದಶಮಿಯ ಸಂಜೆ ನಾವು ಬರಿಗೈಯಲ್ಲಿ ಬನ್ನಿ ಮರಕ್ಕೆ ಹೋದೆವು. ಪಲ್ಲಕ್ಕಿ ನಿಂತಿತು. ಜನ ಅಪ್ಪನ ಕೈ ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು. ಆಗ ಅಜ್ಜಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. ಗಂಡ ಸತ್ತ ಹೆಂಗಸರು ಆ ಕಾಲದಲ್ಲಿ ಹಾಗೆ ಪಲ್ಲಕ್ಕಿಯ ಎದುರು ಬಂದು ನಿಲ್ಲುತ್ತಿರಲಿಲ್ಲ. ಒಂದಿಬ್ಬರು ತಡೆಯಲು ಕೈ ಎತ್ತಿದರು, ಇಳಿಸಿದರು.

"ಕೇಳ್ರಿ," ಎಂದಳು. "ಈರಣ್ಣ ಒಲ್ಲೆ ಅಂದಿರ್ಲಿಲ್ಲ. ನಮ್ಮ ಯಜಮಾನ್ರು ತಪ್ಪು ಮಾಡಿರ್ಲಿಲ್ಲ. ಈ ಕೂಸು ಏನೂ ಮಾಡಿರ್ಲಿಲ್ಲ. ಕಿಂಡಿ ಮುಚ್ಚಿದ್ದು ಈ ಕೈ. ಕುಂಕುಮ ಹಚ್ಚಿ ಮುಚ್ಚೀನಿ. ಮಾತಾಡೋದಿದ್ರ ನನ್ನ ಮ್ಯಾಲ ಆಡ್ರಿ, ಇಲ್ಲೇ ಅದೀನಿ."

ಯಾರೂ ಆಡಲಿಲ್ಲ. ಮುದುಕಿಯೊಬ್ಬಳು ತೆಲುಗಿನಲ್ಲಿ, "ಪೋನೀಲೇ ಅಮ್ಮಾ," ಎಂದು ಅವಳ ಕೈ ಹಿಡಿದಳು. ಹೋಗಲಿ ಬಿಡಮ್ಮ ಎಂದು ಅರ್ಥ. ಗೌಡರು ಎಲೆಯಡಿಕೆ ಉಗಿದು ಬಂದು, "ಹೋದ ವಾರ ನಮಗೆಲ್ಲಾ ಆ ಬಾರು ಕೇಳಿಸೈತಿ ಅವ್ವಾ. ಸಾಕು. ಬನ್ನಿ ಮುರೀರಿ, ಮೊದಲ ನಿಮ್ಮ ಮನಿಯವ್ರ," ಎಂದರು. ಅಕ್ಕನ ಕೈಯಿಂದ ಮೊದಲ ಎಲೆ ಮುರಿಸಿದರು. ಮುಂದಿನ ವರ್ಷದಿಂದ ಆ ಮರ್ಯಾದೆ ಮೇಲಿನ ಓಣಿಯವರಿಗೆ ಹೋಯಿತು. ಎಮ್ಮಿಗನೂರಿನವರು ಬೇಸಿಗೆಯಲ್ಲಿ ಬಂದು ಅಕ್ಕನನ್ನು ಸೊಸೆ ಮಾಡಿಕೊಂಡರು. ಅವಳನ್ನು ಕುರಿತ ಆ ಮಾತನ್ನು ನಾನು ಮತ್ತೆ ಕೇಳಲಿಲ್ಲ.

ಆದರೆ ಅಜ್ಜಿ ಮೊದಲಿನ ಅಜ್ಜಿಯಾಗಲಿಲ್ಲ. ಊಟಕ್ಕೆ ಕುಳಿತಾಗ ತುತ್ತು ಕೈಯಲ್ಲಿ ಹಿಡಿದು, "ಅವ್ರಿಗೆ ಕೇಳಿಸಿರಬಹುದೇನೋ ತಮ್ಮಾ?" ಎಂದು ಅಪ್ಪನನ್ನು ಕೇಳುತ್ತಿದ್ದಳು. "ಕೇಳಿಸೈತಿ ಯವ್ವಾ, ಉಣ್ಣು," ಎನ್ನುತ್ತಿದ್ದ ಅಪ್ಪ. ಮರುದಿನ ಅದನ್ನೇ ಮತ್ತೆ ಕೇಳುತ್ತಿದ್ದಳು. ಸಾಯುವವರೆಗೂ ಕೇಳಿದಳು. ಅಪ್ಪ ಒಂದು ದಿನವೂ ಬೇಸರಪಡಲಿಲ್ಲ.

ಮಕ್ಕಳೇ, ನಿಮ್ಮ ಕಾಲದಲ್ಲಿ ಗುಂಡಿ ಒತ್ತಿದ ಕೂಡಲೇ ದೀಪ ಹತ್ತುತ್ತದೆ. ದೂರದ ಊರಿನ ದನಿ ಕಿವಿಯಲ್ಲಿ ಬಂದು ನಿಲ್ಲುತ್ತದೆ. ದೀಪಾವಳಿಯಲ್ಲಿ ಒಂದು ಪಟಾಕಿ ಠುಸ್ ಎಂದರೆ ನೀವು ನಕ್ಕು ಇನ್ನೊಂದಕ್ಕೆ ಕೈ ಹಾಕುತ್ತೀರಿ. ಅದು ಯಾಕೆ ಹಾರಲಿಲ್ಲ, ಯಾರು ಹುಟ್ಟಿದ್ದಕ್ಕೆ ಹಾರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯದೇ. ನಾವು ಬೆಳೆದ ಊರಿನಲ್ಲಿ ಹಾರದ ಒಂದು ಬಾರಿಗೂ ಯಾರದಾದರೂ ಹೆಸರು ಬೇಕಾಗಿತ್ತು. ಹಾರದ ಪಟಾಕಿಯ ಹತ್ತಿರ ಹೋಗಬೇಡಿ ಎಂದು ನಾನು ಅಷ್ಟು ಜೋರಾಗಿ ಕೂಗುವುದನ್ನು ಕಂಡು ನಿಮಗೆ ನಗು ಬರುತ್ತದೆ. ನಗಿರಿ. ಹೋಗಬೇಡಿ.

ಆ ದಿನ ಹಿತ್ತಿಲಲ್ಲಿ ಇದ್ದವರಲ್ಲಿ ಅಪ್ಪ, ಅವ್ವ, ಅಜ್ಜಿ, ಉಸ್ತಾದ ಈಗ ಯಾರೂ ಇಲ್ಲ. ಅಕ್ಕ ಒಬ್ಬಳು ಇದ್ದಾಳೆ, ಎಮ್ಮಿಗನೂರಿನಲ್ಲಿ, ಮಗನ ಮನೆಯಲ್ಲಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲವಳು ಅವಳೊಬ್ಬಳೇ. ಹೋಗಿ ಕೇಳಿ. ಆ ಸದ್ದಿನಿಂದ ಈಚೆಗೆ ಅವಳ ಎಡಗಿವಿ ಕೇಳುವುದಿಲ್ಲ, ಬಲಗಡೆಗೆ ಕುಳಿತುಕೊಳ್ಳಿ.